ಮೈಸೂರು ಸ್ಯಾಂಡಲ್ ಸೋಪು: ಜಾಹೀರಾತು ಹೇಳಿದ್ದೇನು, ಬಿಲ್ಲೆಯಲ್ಲಿರುವುದೇನು

ಇಪ್ಪತ್ತನೆಯ ಶತಮಾನದ ಆರಂಭದ ಪತ್ರಿಕೆಗಳನ್ನು ತಿರುವಿ ಹಾಕಿದರೆ ಹಲವದರ ಮೊದಲ ಪುಟದಲ್ಲಿ ಸುದ್ದಿಯೇ ಕಾಣುವುದಿಲ್ಲ. ಅಲ್ಲಿರುವುದು ಬರೀ ಜಾಹೀರಾತು. ಮದರಾಸಿನ 'ಹಿಂದೂ' ಪತ್ರಿಕೆ ಮೊದಲ ಪುಟಕ್ಕೆ ಸುದ್ದಿ ತಂದದ್ದೇ 1958ರಲ್ಲಿ. ಶಕ್ತಿಯ ಗುಳಿಗೆ, ಕೂದಲೆಣ್ಣೆ, ಗಡಿಯಾರ, ತಲೆನೋವಿನ ಮುಲಾಮು, ಮಕ್ಕಳ ಹೊಟ್ಟೆನೋವಿನ ನೀರು, ಸೋಪು. ಬಹುಪಾಲು ಜಾಹೀರಾತಿನ ಅಡಿಯಲ್ಲಿ 'ವಿ.ಪಿ. ಮೂಲಕ ಕಳಿಸಲಾಗುವುದು' ಎಂಬ ಸಾಲು. 1877ರಲ್ಲಿ ಭಾರತದ ಅಂಚೆ ಇಲಾಖೆ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಶುರುಮಾಡಿದ್ದರಿಂದ ಅಂಗಡಿಯೇ ಇಲ್ಲದ ಹಳ್ಳಿಗೂ ಸರಕು ಹೋಗತೊಡಗಿತು. ಅಂಚೆಯವನ ಕೈಗೆ ದುಡ್ಡು ಕೊಟ್ಟು ಪೊಟ್ಟಣ ಬಿಡಿಸಿಕೊಂಡರಾಯಿತು. ಆದರೆ ಪೊಟ್ಟಣ ಬಿಚ್ಚುವ ಹೊತ್ತಿಗೆ ದುಡ್ಡು ಕೈಬಿಟ್ಟಿರುತ್ತಿತ್ತು. ಒಳಗಿನ ಸರಕು ಹೇಳಿದ್ದಕ್ಕೆ ಒಪ್ಪುತ್ತದೆಯೋ ಇಲ್ಲವೋ ಎಂದು ಮೊದಲೇ ನೋಡುವ ದಾರಿಯೇ ಇರಲಿಲ್ಲ.

ಒಪ್ಪದ ಸರಕು ಧಾರಾಳವಾಗಿತ್ತು. 'ಒಂದು ಡಬ್ಬಿಗೆ ಒಂದು ಗಿನ್ನಿ ಬೆಲೆ ಬಾಳುತ್ತದೆ' ಎಂದು ಸಾರಿಕೊಳ್ಳುತ್ತಿದ್ದ ಇಂಗ್ಲೆಂಡಿನ ಬೀಚಮ್ಸ್ ಗುಳಿಗೆಯನ್ನು ಬ್ರಿಟಿಷ್ ವೈದ್ಯ ಸಂಘ ಪರೀಕ್ಷೆ ಮಾಡಿಸಿ 1909ರಲ್ಲಿ ಫಲಿತಾಂಶ ಪ್ರಕಟಿಸಿತು. ಒಳಗೆ ಸಿಕ್ಕಿದ್ದು ಲೋಳೆಸರದ ಸತ್ವ, ಶುಂಠಿ, ಸೋಪು. ಭಾರತದಲ್ಲಿ ರೋಗ ವಾಸಿಮಾಡುವ ಇಂಥ ಭರವಸೆಗಳಿಗೆ ಕಾನೂನಿನ ಲಗಾಮು ಬಿದ್ದದ್ದು 1954ರಲ್ಲಿ.

ಆ ಕಾಲದ ಸರಕುಗಳಲ್ಲಿ ಇವತ್ತೂ ಅಂಗಡಿಯ ಹಲಗೆಯ ಮೇಲೆ ಉಳಿದವು ಕೆಲವೇ: ಪಿಯರ್ಸ್, ಲೈಫ್‌ಬಾಯ್, ಅಮೃತಾಂಜನ, ಈನೋ, ವುಡ್‌ವರ್ಡ್ಸ್ ಗ್ರೈಪ್ ವಾಟರ್, ನಮ್ಮ ಮೈಸೂರು ಸ್ಯಾಂಡಲ್ ಸೋಪು. ಇಲ್ಲಿ ಪರಿಶೀಲಿಸುತ್ತಿರುವುದು ಕೊನೆಯದನ್ನು. ಅಳತೆಗೋಲು ಒಂದೇ: ಪೆಟ್ಟಿಗೆಯ ಮೇಲೆ ಹೇಳಿಕೊಳ್ಳುವ 'ಶುದ್ಧ ಶ್ರೀಗಂಧದೆಣ್ಣೆ' ಎಂಬ ಮಾತು ಒಳಗಿನ ಬಿಲ್ಲೆಯಲ್ಲಿ ಇದೆಯೇ?

ಸೋಪಿಗಿಂತ ಮೊದಲು ಎಣ್ಣೆ ಬಂತು. ಮೈಸೂರು ಸಂಸ್ಥಾನದ ಗಂಧದ ಮರ ಸರ್ಕಾರದ ಸೊತ್ತು. ಕಾಡಿನಿಂದ ಬಂದ ಕೊರಡು ಗಂಧದ ಕೋಠಿಯಲ್ಲಿ ದರ್ಜೆಯಾಗಿ, ಹರಾಜಾಗಿ, ಯುರೋಪಿಗೆ, ಅದರಲ್ಲೂ ಜರ್ಮನಿಗೆ, ಎಣ್ಣೆ ತೆಗೆಯಲು ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೇ ಆ ದಾರಿ ಮುಚ್ಚಿತು, ಕೊರಡು ಕೋಠಿಗಳಲ್ಲಿ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ, ಕೈಗಾರಿಕಾ ಇಲಾಖೆಯಲ್ಲಿ ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಬಟ್ಟಿಯಿಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಎದ್ದವು.

ಗಂಧದೆಣ್ಣೆ ಬಟ್ಟಿಯಿಳಿಸುವುದು ಆತುರದ ಕೆಲಸವಲ್ಲ. ಎಣ್ಣೆಯಿರುವುದು ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗದಲ್ಲಿ, ಮತ್ತು ಬೇರಿನಲ್ಲಿ. ತೊಗಟೆಯ ಕೆಳಗಿನ ಬಿಳಿ ಭಾಗದಲ್ಲಿ ಎಣ್ಣೆ ಇಲ್ಲವೆಂದೇ ಹೇಳಬೇಕು. ಬೇರಿನಲ್ಲೇ ಹೆಚ್ಚಿರುವುದರಿಂದ ಗಂಧದ ಮರವನ್ನು ಕಡಿಯದೆ ಬುಡಸಮೇತ ಕೀಳುತ್ತಾರೆ. ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಎರಡು ಮೂರು ದಿನ ಹಬೆ ಹಾಯಿಸಬೇಕು. ಒಳ್ಳೆಯ ಚೇಗಿನಿಂದ ತೂಕದ ಶೇ. 4ರಿಂದ 6ರಷ್ಟು ಎಣ್ಣೆ ಬರುತ್ತದೆ. ಹಬೆಯನ್ನು ಬೇಗ ನಿಲ್ಲಿಸಿದರೆ ಬೇಗ ಹಾರುವ ಹಗುರ ಅಂಶ ಮೊದಲು ಬಂದುಬಿಟ್ಟು, ಗಂಧದ ನಿಜವಾದ ಸಾರವಾದ ಸ್ಯಾಂಟಲಾಲ್ ಪುಡಿಯಲ್ಲೇ ಉಳಿದುಹೋಗುತ್ತದೆ.

ಎಣ್ಣೆ ಕೈಗೆ ಬಂದ ಮೇಲೆ ಸೋಪಿನ ಯೋಚನೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸರ್ಕಾರ ಇಂಗ್ಲೆಂಡಿಗೆ ಕಳಿಸಿ ಸೋಪು ತಯಾರಿಕೆಯ ವಿದ್ಯೆ ಕಲಿಸಿತು. 'ಸೋಪ್ ಶಾಸ್ತ್ರಿ' ಎಂದೇ ಹೆಸರಾದವರು ಅವರು. 1918ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸೋಪು ಕಾರ್ಖಾನೆ ಆರಂಭವಾಯಿತು. 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಸೋಪು ಮತ್ತು ಗಂಧದೆಣ್ಣೆಯ ಘಟಕಗಳು ಸೇರಿ 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು.

ಶಾಸ್ತ್ರಿಗಳು ಸೋಪನ್ನು ಮಾರಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1918ರ ಹೊತ್ತಿಗೆ ಭಾರತದ ಸೋಪು ಮಾರುಕಟ್ಟೆಯಲ್ಲಿ ಜಾಗ ಖಾಲಿ ಇರಲಿಲ್ಲ. ಲಿವರ್ ಕಂಪನಿಯ ಸನ್‌ಲೈಟ್ 1888ರಲ್ಲೇ ಕಲ್ಕತ್ತೆಯ ಬಂದರಿಗೆ ಬಂದಿಳಿದಿತ್ತು, 1895ರಲ್ಲಿ ಲೈಫ್‌ಬಾಯ್ ಬಂತು. ಪಿಯರ್ಸ್‌ನ ಥಾಮಸ್ ಬ್ಯಾರಟ್ 1880ರ ದಶಕದಲ್ಲೇ ನಟಿ ಲಿಲ್ಲಿ ಲ್ಯಾಂಗ್ಟ್ರಿಯ ಶಿಫಾರಸನ್ನೂ ಮಿಲೇ ಎಂಬ ಚಿತ್ರಕಾರ ಬರೆದ ಗುಳ್ಳೆ ಊದುವ ಹುಡುಗನ ಚಿತ್ರವನ್ನೂ ಜಾಹೀರಾತಿಗೆ ಬಳಸಿಕೊಂಡು ಎಲ್ಲರಿಗೂ ದಾರಿ ತೋರಿಸಿಬಿಟ್ಟಿದ್ದ. ಇತ್ತ ಗೋದ್ರೇಜ್ ಪ್ರಾಣಿಯ ಕೊಬ್ಬಿಲ್ಲದ ಸೋಪು ಮಾಡಿ ಸ್ವದೇಶಿಯ ಹೆಸರಿನಲ್ಲಿ ಮಾರುತ್ತಿತ್ತು. ಮುಂದೆ ರವೀಂದ್ರನಾಥ ಠಾಕೂರರೇ ಆ ಸೋಪನ್ನು ಮೆಚ್ಚಿ ಬರೆದುಕೊಟ್ಟದ್ದು ಜಾಹೀರಾತಾಗಿ ಬಂತು.

ಇವರೆಲ್ಲರ ದೊಡ್ಡ ಅಸ್ತ್ರ ಪತ್ರಿಕೆ. ಆದರೆ ಅಂದಿನ ಪತ್ರಿಕೆಗೆ ಗಂಧದ ಸೋಪನ್ನು ತೋರಿಸುವ ಶಕ್ತಿ ಇರಲಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಚಿತ್ರ ಬೇಕೆಂದರೆ ಸತುವಿನ ತಗಡನ್ನು ಆಮ್ಲದಲ್ಲಿ ಕೊರೆದು ಬ್ಲಾಕ್ ಮಾಡಿಸಬೇಕು. ಗೆರೆಚಿತ್ರದ ಬ್ಲಾಕ್ ಆದರೆ ಚೊಕ್ಕವಾಗಿ ಮೂಡುತ್ತಿತ್ತು. ಫೋಟೋ ಹಾಕಬೇಕೆಂದರೆ ಚಿತ್ರವನ್ನು ಜಾಲರಿಯ ಮೂಲಕ ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕು. ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿ ಹರಡಿಸುವುದರಿಂದ ಅಂಗುಲಕ್ಕೆ 55ರಿಂದ 65 ಗೆರೆಯ ದಪ್ಪ ಜಾಲರಿಯನ್ನೇ ಬಳಸಬೇಕಿತ್ತು. ಅದಕ್ಕಿಂತ ಸಣ್ಣದಾದರೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಮುಖವೆಲ್ಲ ಮಸಿ. ಹೀಗಾಗಿ ಬಿಲ್ಲೆಯ ಹೊಳಪು, ಪೆಟ್ಟಿಗೆಯ ಬಣ್ಣ ಯಾವುದೂ ದಿನಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಪರಿಮಳದ ಮಾತಂತೂ ಇಲ್ಲವೇ ಇಲ್ಲ. ಕಾಲಂ ಅಂಗುಲದ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗಂಧದ ಸೋಪಿನ ಮುಖ್ಯ ಗುಣವೇ ಕಾಣದ ಜಾಗ ಕೊಂಡಂತಾಗುತ್ತಿತ್ತು.

ಅದಕ್ಕೇ ಶಾಸ್ತ್ರಿಗಳು ಪೆಟ್ಟಿಗೆಯನ್ನೇ ಜಾಹೀರಾತು ಮಾಡಿದರು. ಬೇರೆ ಸೋಪುಗಳೆಲ್ಲ ಚೌಕಟ್ಟಿನ ಇಟ್ಟಿಗೆಗಳಾಗಿದ್ದಾಗ ಇದಕ್ಕೆ ಮೊಟ್ಟೆಯಾಕಾರ. ಅದನ್ನು ಒಡವೆ ಅಂಗಡಿಯವರು ಆಭರಣ ಸುತ್ತುವಂಥ ತೆಳು ಕಾಗದದಲ್ಲಿ ಸುತ್ತಿ, ಒಡವೆಯ ಪೆಟ್ಟಿಗೆಯಂಥ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರು. ಮೇಲೆ ಶರಭದ ಲಾಂಛನ: ಸಿಂಹದ ಮೈ, ಆನೆಯ ತಲೆ. ಜೊತೆಗೆ ಶ್ರೀಗಂಧದ ತವರು ಮೈಸೂರಿನಿಂದ ಬಂದ ಸೋಪು ಎಂಬ ಮಾತು. ಪ್ರಚಾರಕ್ಕೆ ಆರಿಸಿದ ಜಾಗಗಳೂ ಹಾಗೆಯೇ: ಊರೂರಿನಲ್ಲಿ ಬಣ್ಣದ ಫಲಕ, ಟ್ರಾಮ್ ಟಿಕೆಟ್ಟು, ಬೆಂಕಿಪೆಟ್ಟಿಗೆ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಕೂಡ ಮಾಡಿಸಿದರು. ಟ್ರಾಮ್ ಟಿಕೆಟ್ಟನ್ನು ಇಳಿಯುವ ತನಕ ಕೈಯಲ್ಲೇ ಹಿಡಿದಿರಬೇಕು. ಬೆಂಕಿಪೆಟ್ಟಿಗೆ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಬೆಳಗಿನ ಪತ್ರಿಕೆ ಸಂಜೆಗೆ ಪೊಟ್ಟಣ ಕಟ್ಟಲು ಹೋಗುತ್ತದೆ. ಜಾಹೀರಾತಿನ ಲೆಕ್ಕಾಚಾರವಾಗಿ ನೋಡಿದರೂ ಇದು ಬಹಳ ಜಾಣತನದ ಕೆಲಸ. ಸರ್ಕಾರಿ ಕಾರ್ಖಾನೆಯೊಂದು ಮಾಡಿದ್ದು ಎಂಬುದಕ್ಕೆ ಇನ್ನಷ್ಟು ಮೆಚ್ಚಬೇಕು.

ಈಗ ಬಿಲ್ಲೆಗೆ ಬರೋಣ.

'ಶೇ. 100 ಶುದ್ಧ ಶ್ರೀಗಂಧದೆಣ್ಣೆ' ಎಂಬ ಮಾತನ್ನು ಹಲವರು ತಪ್ಪು ತಿಳಿಯುತ್ತಾರೆ. ಬಿಲ್ಲೆ ಪೂರ್ತಿ ಗಂಧದೆಣ್ಣೆಯಿಂದ ಆದದ್ದು ಎಂದಲ್ಲ. ಅದರಲ್ಲಿ ಹಾಕಿದ ಗಂಧದೆಣ್ಣೆ ಕೃತಕದ್ದಲ್ಲ, ಮರದಿಂದ ತೆಗೆದದ್ದು ಎಂದು ಅರ್ಥ. ಸಾಮಾನ್ಯವಾಗಿ ಮೈಸೋಪಿನಲ್ಲಿ ಎಲ್ಲ ಪರಿಮಳ ದ್ರವ್ಯವೂ ಸೇರಿ ಶೇ. 1ರಿಂದ 2ರ ಆಸುಪಾಸು ಇರುತ್ತದೆ. 125 ಗ್ರಾಂ ಬಿಲ್ಲೆಗೆ ಶೇ. 1 ಎಂದರೆ 1.25 ಗ್ರಾಂ. ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿ ಬಹಳ ಕಾಲವಾಯಿತು, ಅಂದರೆ ಗ್ರಾಂಗೆ ನೂರು ರೂಪಾಯಿಗಿಂತ ಮೇಲೆ. ಒಂದೇ ಒಂದು ಗ್ರಾಂ ಎಣ್ಣೆಯ ಬೆಲೆ ಇಡೀ ಬಿಲ್ಲೆಯ ಬೆಲೆಯನ್ನು ಮೀರಿಬಿಡುತ್ತದೆ. ಹಾಗಾಗಿ ದಿನಬಳಕೆಯ ಬಿಲ್ಲೆಯಲ್ಲಿ ಶುದ್ಧ ಗಂಧದೆಣ್ಣೆ ಇರುವುದು ಗ್ರಾಂನ ಸಣ್ಣ ಪಾಲು ಮಾತ್ರ. ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕ ಅಷ್ಟೆ. ಜೊತೆಗೆ ಲಾವಂಚ, ಪಚ್ಚೌಲಿ, ಜೆರೇನಿಯಂ, ಕಿತ್ತಳೆ, ಪಾಮರೋಸಾ ಮುಂತಾದ ಎಣ್ಣೆಗಳೂ ಸೇರಿವೆ. ಪೆಟ್ಟಿಗೆ ತೆರೆದೊಡನೆ ಮೂಗಿಗೆ ಬರುವ ತುಸು ಹುಳಿ, ತುಸು ಹೂವಿನ ವಾಸನೆ ಕಿತ್ತಳೆ ಮತ್ತು ಜೆರೇನಿಯಂನದು. ಗಂಧ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಇಷ್ಟು ಕಡಿಮೆ ಎಣ್ಣೆ ಹಾಕಿಯೂ ಕೊನೆಯ ಚೂರಿನ ತನಕ ವಾಸನೆ ಉಳಿಯುವುದಕ್ಕೆ ರಸಾಯನಶಾಸ್ತ್ರದ ಕಾರಣವಿದೆ. ಸೋಪು ಕ್ಷಾರೀಯ, ಅದರ ಪಿಎಚ್ 9ರಿಂದ 10. ಈ ಕ್ಷಾರದಲ್ಲಿ ಹಲವು ಪರಿಮಳಗಳು ಬಾಳುವುದಿಲ್ಲ: ಹಣ್ಣಿನ ವಾಸನೆ ಕೊಡುವ ಎಸ್ಟರ್‌ಗಳು ಒಡೆದುಹೋಗುತ್ತವೆ, ವೆನಿಲಿನ್ ಬಿಲ್ಲೆಯನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಸ್ಯಾಂಟಲಾಲ್ ಆಲ್ಕೊಹಾಲ್ ಜಾತಿಗೆ ಸೇರಿದ್ದು, ಕ್ಷಾರಕ್ಕೆ ಸುಲಭದಲ್ಲಿ ಜಗ್ಗುವುದಿಲ್ಲ. ಅದರ ಕುದಿಬಿಂದು ಹೆಚ್ಚು, ಆರಿಹೋಗುವ ವೇಗ ಕಡಿಮೆ. ಜೊತೆಗಿರುವ ಹಗುರ ವಾಸನೆಗಳನ್ನೂ ಅದು ಹಿಡಿದು ನಿಲ್ಲಿಸುತ್ತದೆ. ಅತ್ತರಿನವರು ಶತಮಾನಗಳಿಂದ ಗಂಧದೆಣ್ಣೆಯನ್ನು ತಳಪಾಯವಾಗಿ ಬಳಸುತ್ತ ಬಂದಿರುವುದು ಇದಕ್ಕೇ. ಸೋಪಿಗೆ ಇದಕ್ಕಿಂತ ಒಗ್ಗುವ ಸುಗಂಧ ಸಿಗುವುದು ಕಷ್ಟ. ಯುದ್ಧಕಾಲದ ಗಂಧದ ರಾಶಿ ಸೋಪಿನ ಕಡೆಗೆ ತಿರುಗಿದ್ದು ಮೈಸೂರಿನ ಭಾಗ್ಯ.

ಅಸಲಿ ಗಂಧವೋ ಕೃತಕವೋ ಎಂದು ಮೂಸಿ ಹೇಳಬಲ್ಲೆ ಎನ್ನುವವರನ್ನು ನಂಬಬೇಡಿ. ಇವತ್ತಿನ ಕೃತಕ ಗಂಧದ ರಾಸಾಯನಿಕಗಳಲ್ಲಿ ಕೆಲವು ಅಸಲಿಗಿಂತ ಜೋರು, ಅಸಲಿಗಿಂತ ದೀರ್ಘಾಯು. ಎಣ್ಣೆಯ ಅಂಶಗಳನ್ನು ಬಿಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಪ್ರಯೋಗಾಲಯದ ಪರೀಕ್ಷೆಯಲ್ಲಿ ನೋಡಿದರೆ ಮಾತ್ರ ಖಚಿತ: ಅಂತರರಾಷ್ಟ್ರೀಯ ಮಾನದಂಡದಂತೆ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಮನೆಯಲ್ಲಿ ಆಗುವ ಪರೀಕ್ಷೆಯಲ್ಲ ಅದು. ಕೊಳ್ಳುವವರಿಗೆ ಉಳಿದಿರುವ ಆಧಾರ ತಯಾರಕರ ಮಾತು ಮತ್ತು 2006ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್).

ಪರಿಮಳಕ್ಕಿಂತ ಮುಖ್ಯವಾದ ಅಂಕಿಯೊಂದು ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿದೆ: ಟಿ.ಎಫ್.ಎಂ. ಅಂದರೆ ಒಟ್ಟು ಕೊಬ್ಬಿನಂಶ. ಭಾರತೀಯ ಮಾನದಂಡದ ಪ್ರಕಾರ ಮೈಸೋಪಿಗೆ ಮೂರು ದರ್ಜೆ. ಮೊದಲ ದರ್ಜೆಗೆ ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಅದಕ್ಕಿಂತ ಕೆಳಗಿನವು 'ಬೇದಿಂಗ್ ಬಾರ್' ಎಂಬ ಹೆಸರಿನಲ್ಲಿ ಬರುತ್ತವೆ, ಅವಕ್ಕೆ ಶೇ. 40 ಸಾಕು. ಮೈಸೂರು ಸ್ಯಾಂಡಲ್ ಶೇ. 80ರ ಮೊದಲ ದರ್ಜೆ. ಈ ಅಂಕಿ ಕಡಿಮೆಯಾದಷ್ಟೂ ಆ ಜಾಗವನ್ನು ನೀರು, ಸುಣ್ಣದ ಪುಡಿಯಂಥ ತುಂಬುಪದಾರ್ಥ, ಇಲ್ಲವೇ ಕೃತಕ ಮಾರ್ಜಕ ತುಂಬಿಕೊಂಡಿರುತ್ತದೆ. ತುಂಬುಪದಾರ್ಥದ ಬಿಲ್ಲೆ ಕೈಗೆ ಮರಳು ಮರಳು ಎನಿಸುತ್ತದೆ, ಬೇಗ ಸವೆಯುತ್ತದೆ. ಬೇರೆ ಗಂಧದ ಸೋಪಿಗೆ ಇದನ್ನು ಹೋಲಿಸುವಾಗ ಹೆಸರು, ಚಿತ್ರ ಎಲ್ಲ ಬಿಟ್ಟು ಈ ಒಂದು ಅಂಕಿಯನ್ನು ಪಕ್ಕ ಪಕ್ಕ ಇಟ್ಟು ನೋಡಿ. ಬೆಲೆಯನ್ನೂ ಬಿಲ್ಲೆಗಲ್ಲ, ಗ್ರಾಂಗೆ ಭಾಗಿಸಿ ನೋಡಿ. ನಿವ್ವಳ ತೂಕ 'ಪ್ಯಾಕ್ ಮಾಡಿದಾಗ' ಎಂದು ಬರೆದಿರುತ್ತದೆ. ತೇವ ಆರಿದಂತೆ ಒಂದೆರಡು ಗ್ರಾಂ ಇಳಿಯುವುದು ಎಲ್ಲ ಸೋಪಿಗೂ ಸಹಜ, ಅದು ತೂಕದ ಮೋಸವಲ್ಲ.

ಕೊಬ್ಬಿನ ಮೂಲ ತಿಳಿಯಬೇಕಾದವರು ಯಾವ ಸೋಪಿನಲ್ಲೇ ಆಗಲಿ ಪದಾರ್ಥಗಳ ಪಟ್ಟಿ ನೋಡಬೇಕು. ಸೋಡಿಯಂ ಪಾಮೇಟ್ ಎಂದರೆ ತಾಳೆಣ್ಣೆ, ಸೋಡಿಯಂ ಪಾಮ್ ಕರ್ನಲೇಟ್ ಎಂದರೆ ತಾಳೆಬೀಜದ ಎಣ್ಣೆ, ಸೋಡಿಯಂ ಕೊಕೊಯೇಟ್ ಎಂದರೆ ತೆಂಗಿನೆಣ್ಣೆ. ಸೋಡಿಯಂ ಟ್ಯಾಲೊವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು. ತಾಳೆಣ್ಣೆಯಿಂದ ಬಿಲ್ಲೆಗೆ ಗಟ್ಟಿತನ, ನಿಧಾನವಾದ ಕೆನೆಯಂಥ ನೊರೆ. ತೆಂಗು ಮತ್ತು ತಾಳೆಬೀಜದ ಎಣ್ಣೆಯಿಂದ ಬೇಗ ಏಳುವ ದೊಡ್ಡ ಗುಳ್ಳೆ.

ನೊರೆಯ ವಿಚಾರದಲ್ಲಿ ಈ ಸೋಪಿನ ಬಗ್ಗೆ ದೂರುಗಳಿವೆ, ಅದರಲ್ಲೂ ಬೋರ್‌ವೆಲ್ ನೀರಿನ ಮನೆಗಳಿಂದ. ತಪ್ಪು ಸೋಪಿನದಲ್ಲ, ಗಡಸು ನೀರಿನದು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಕರಗದ ಜಿಡ್ಡಾಗಿ ಮಾಡುತ್ತವೆ. ಒಂದು ಗ್ರಾಂ ಗಡಸುತನ ಸುಮಾರು ಆರು ಗ್ರಾಂ ಸೋಪನ್ನು ನುಂಗುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ 20 ಲೀಟರಿನ ಒಂದು ಬಕೆಟ್ ನೀರಿನಲ್ಲಿ ಆರು ಗ್ರಾಂ ಗಡಸುತನ. ಪೂರ್ತಿ ಬೆರೆತರೆ 36 ಗ್ರಾಂ ಸೋಪನ್ನು ವ್ಯರ್ಥ ಮಾಡುವಷ್ಟು. ಮೈಗೆ ತಾಗುವ ನೀರು ಮಾತ್ರ ಬೆರೆಯುವುದರಿಂದ ಅಷ್ಟು ಹಾಳಾಗುವುದಿಲ್ಲ, ಆದರೆ ಬಕೆಟ್ಟಿನ ಅಂಚಿಗೆ, ಮಗ್ಗಿನ ಒಳಗೆ ಕಟ್ಟುವ ಬಿಳಿ ಪದರ ಇದರದೇ. ಟಿ.ಎಫ್.ಎಂ. ಹೆಚ್ಚಿರುವ ಅಪ್ಪಟ ಸೋಪಿನಲ್ಲಿ ಈ ಜಿಡ್ಡು ಹೆಚ್ಚು. ಕೃತಕ ಮಾರ್ಜಕ ಬೆರೆತ ಬಾರ್‌ಗಳಲ್ಲಿ ಕಡಿಮೆ. ಹಾಗಾಗಿ 'ಅಗ್ಗದ ಬಾರು ಚೆನ್ನಾಗಿ ನೊರೆ ಬರುತ್ತದೆ, ಇದು ಬರುವುದಿಲ್ಲ' ಎಂಬ ಹೋಲಿಕೆ ಗಡಸು ನೀರಿನಲ್ಲಿ ನಿಜ, ಕಾವೇರಿ ನೀರಿನಲ್ಲಿ ಅಲ್ಲ.

ಉಪಾಯ ಸುಲಭ. ಬಿಲ್ಲೆಯನ್ನು ಮೈಗೆ ಉಜ್ಜುವ ಬದಲು ಒದ್ದೆ ಅಂಗೈಯಲ್ಲಿ ಅಥವಾ ಹೀರೆಕಾಯಿ ನಾರಿನ ಮೇಲೆ ಉಜ್ಜಿ ನೊರೆ ಕಟ್ಟಿ, ಆಮೇಲೆ ಮೈಗೆ ಹಚ್ಚಿ. ಕೈಯಲ್ಲಿರುವ ಸ್ವಲ್ಪ ನೀರಿನ ಗಡಸುತನ ಬೇಗ ತೀರುತ್ತದೆ, ಮಿಕ್ಕ ಸೋಪೆಲ್ಲ ನೊರೆಯಾಗುತ್ತದೆ. ತಲೆಗೆ ಮಾತ್ರ ಗಡಸು ನೀರಿನಲ್ಲಿ ಇದನ್ನು ಹಾಕಬೇಡಿ. ಆ ಜಿಡ್ಡು ಕೂದಲಿಗೆ ಅಂಟಿ ಬಾಚಣಿಗೆ ಓಡುವುದಿಲ್ಲ. ಬಕೆಟ್ಟಿನ ಪದರಕ್ಕೆ ನಿಂಬೆಹಣ್ಣಿನ ಸಿಪ್ಪೆ ಅಥವಾ ವಿನಿಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಬಿಡುತ್ತದೆ.

ಮೊಟ್ಟೆಯಾಕಾರ ಬರೀ ಚೆಂದಕ್ಕಲ್ಲ. ಮೂಲೆಗಳಿಲ್ಲದ್ದರಿಂದ ಹೊಸ ಬಿಲ್ಲೆಯೂ ಚರ್ಮಕ್ಕೆ ಚುಚ್ಚುವುದಿಲ್ಲ, ಅಂಗೈ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಎರಡೂ ಮುಖ ಉಬ್ಬಿರುವುದರಿಂದ ಸೋಪಿನ ತಟ್ಟೆಯಲ್ಲಿ ನಡುಭಾಗ ಮಾತ್ರ ತಾಗುತ್ತದೆ, ನೀರು ಬದಿಗೆ ಜಾರಿ ಬಿಲ್ಲೆ ಬೇಗ ಆರುತ್ತದೆ. ಆದರೆ ತಟ್ಟೆಗೆ ತೂತಿರಬೇಕು. ನೀರು ನಿಲ್ಲುವ ತಟ್ಟೆಯಲ್ಲಿ ಯಾವ ಒಳ್ಳೆಯ ಸೋಪೂ ಕೆಳಗಿನಿಂದ ಲೋಳೆಯಾಗುತ್ತದೆ, ಬಳಸದೆಯೇ ಕರಗಿಹೋಗುತ್ತದೆ. ಈ ಆಕಾರದ ಕೊರತೆ ಎಂದರೆ ಒದ್ದೆ ಕೈಯಿಂದ ಜಾರುತ್ತದೆ, ಮತ್ತು ಕೊನೆಯ ಚೂರನ್ನು ಹೊಸ ಬಿಲ್ಲೆಗೆ ಅಂಟಿಸುವುದು ಕಷ್ಟ. ಹೊಸದನ್ನು ಐದಾರು ದಿನ ಬಳಸಿ, ಒಂದು ಮುಖ ಸ್ವಲ್ಪ ಚಪ್ಪಟೆಯಾದ ಮೇಲೆ, ಎರಡನ್ನೂ ಚೆನ್ನಾಗಿ ಒದ್ದೆ ಮಾಡಿ ಒತ್ತಿ ರಾತ್ರಿಯಿಡೀ ಒಣಗಲು ಬಿಟ್ಟರೆ ಹಿಡಿಯುತ್ತದೆ.

ಕೆಲವೊಮ್ಮೆ ಬಿಲ್ಲೆಯಲ್ಲಿ ಉದ್ದಕ್ಕೆ ಕೂದಲೆಳೆಯ ಬಿರುಕು ಕಾಣುತ್ತದೆ. ಸೋಪಿನ ಚೂರುಗಳಿಗೆ ಪರಿಮಳ ಬೆರೆಸಿ, ಉರುಳೆಗಳ ನಡುವೆ ಅರೆದು, ಯಂತ್ರದಲ್ಲಿ ಒತ್ತಿ ಉದ್ದ ಕೋಲಾಗಿ ಹೊರತಂದು, ಕತ್ತರಿಸಿ ಅಚ್ಚೊತ್ತುತ್ತಾರೆ. ಒತ್ತುವಾಗ ಉಂಟಾದ ಪದರಗಳು ದಿನಾ ನೆನೆದು ಒಣಗಿ ಬಿಡಿಸಿಕೊಂಡರೆ ಬಿರುಕು. ಬೇಸಗೆಯಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟ ಬಿಲ್ಲೆಯಲ್ಲಿ ಇದು ಹೆಚ್ಚು. ಗುಣಕ್ಕೆ ತೊಂದರೆಯಿಲ್ಲ, ಬಿಸಿಲಿನಿಂದ ಸರಿಸಿದರೆ ಸಾಕು.

ಚರ್ಮದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. 'ಗಂಧ ತಂಪು, ಆದ್ದರಿಂದ ಎಲ್ಲ ಚರ್ಮಕ್ಕೂ ಒಳ್ಳೆಯದು' ಎಂಬುದು ಸೋಪಿಗೆ ಅನ್ವಯಿಸುವುದಿಲ್ಲ. ಇದು ಕ್ಷಾರೀಯ ಸೋಪು. ಚಳಿಗಾಲದಲ್ಲಿ ಒಣಚರ್ಮದವರಿಗೆ ಬಿಗಿಯುತ್ತದೆ, ಸ್ನಾನದ ನಂತರ ಕೊಬ್ಬರಿ ಎಣ್ಣೆ ಬೇಕಾಗುತ್ತದೆ. ಎಸ್ಜಿಮಾ ಇರುವವರು, ಎಳೆಮಕ್ಕಳು ಇದರಿಂದ ದೂರವಿದ್ದರೆ ಒಳ್ಳೆಯದು. ಪರಿಮಳಕ್ಕೆ ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ಬಹುಶಃ ಗಂಧಕ್ಕಿಂತ ಅದರ ಜೊತೆಗಾರರು: ಜೆರೇನಿಯಂ, ಪಾಮರೋಸಾದಲ್ಲಿರುವ ಜೆರೇನಿಯಾಲ್, ಕಿತ್ತಳೆಯ ಲಿಮೊನೀನ್. ಮೊಣಕೈ ಒಳಬದಿಗೆ ನೊರೆ ಹಚ್ಚಿ ತೊಳೆದು ಎರಡು ದಿನ ನೋಡಿ. ಕೆಂಪಾದರೆ, ನವೆ ಬಂದರೆ ಬಿಡಿ. ಎಣ್ಣೆಚರ್ಮದವರಿಗೆ, ಬೆವರುವ ಬೇಸಗೆಗೆ ಇದಕ್ಕೆ ನನ್ನ ಪೂರ್ತಿ ಮತ.

ನಕಲಿ ಮಾಲು ನಿಜವಾದ ಸಮಸ್ಯೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು. ಪೆಟ್ಟಿಗೆಯೇ ಈ ಸೋಪಿನ ದೊಡ್ಡ ಜಾಹೀರಾತಾದ್ದರಿಂದ ಕಳ್ಳರು ನಕಲು ಮಾಡುವುದೂ ಅದನ್ನೇ. ನೋಡಬೇಕಾದ್ದು: ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಬೆಲೆ ಸ್ಪಷ್ಟವಾಗಿ ಅಚ್ಚಾಗಿವೆಯೇ, ಬಿಲ್ಲೆಯ ಮೇಲಿನ ಅಚ್ಚಿನ ಅಂಚು ಚೂಪಾಗಿದೆಯೇ, ಒಂದೇ ಕಟ್ಟಿನ ಬಿಲ್ಲೆಗಳೆಲ್ಲ ಒಂದೇ ಬಣ್ಣವೇ. ಪೆಟ್ಟಿಗೆ ತೆರೆದೊಡನೆ ಮೂಗಿಗೆ ಹೊಡೆಯುವಷ್ಟು ಜೋರಾದ, ಸಿಹಿಯಾದ ವಾಸನೆ ಬಂದರೆ ಅನುಮಾನಿಸಿ. ಅಚ್ಚಾದ ಬೆಲೆಗಿಂತ ತೀರಾ ಕಡಿಮೆಗೆ ಸಂತೆಯಲ್ಲೋ ಆನ್‌ಲೈನಿನ ಅಪರಿಚಿತ ಮಾರಾಟಗಾರನಲ್ಲೋ ಸಿಕ್ಕರೆ ಬೇಡ. ಕಂಪನಿಯ ಸ್ವಂತ ಮಳಿಗೆ ಅಥವಾ ಮಾಲು ಬೇಗ ಖರ್ಚಾಗುವ ದಿನಸಿ ಅಂಗಡಿ ಎಲ್ಲಕ್ಕಿಂತ ಭದ್ರ.

ಜಾಹೀರಾತಿನ ಮಾತು ಇವತ್ತಿಗೂ ಮುಗಿದಿಲ್ಲ. ದಶಕಗಳ ಕಾಲ ತಾರೆಯರ ಮುಖವಿಲ್ಲದೆ ಮಾರಿದ ಈ ಸೋಪು 2006ರಲ್ಲಿ ಮಹೇಂದ್ರ ಸಿಂಗ್ ಧೋನಿಯನ್ನು ರಾಯಭಾರಿ ಮಾಡಿಕೊಂಡಿತು. 2025ರ ಮೇನಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಗೊತ್ತುಮಾಡಿದಾಗ, ಕನ್ನಡದ ಕಲಾವಿದರಿಗೆ ಏಕಿಲ್ಲ ಎಂದು ದೊಡ್ಡ ಚರ್ಚೆಯೇ ಎದ್ದಿತು. ಕರ್ನಾಟಕದ ಆಚೆಗೆ ಮಾರುಕಟ್ಟೆ ಹಿಗ್ಗಿಸಬೇಕು ಎಂಬ ಕಂಪನಿಯ ವಾದ ಅರ್ಥವಾಗುತ್ತದೆ. ಆದರೂ ಕರಾಚಿಯ ಬೀದಿಗೆ ಒಂಟೆ ಇಳಿಸಿದ ಸಂಸ್ಥೆಗೆ ತಾರೆಯ ಮುಖಕ್ಕಿಂತ ಹೊಸದೇನಾದರೂ ಹೊಳೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ಒಂದಿಷ್ಟನ್ನು ಪೆಟ್ಟಿಗೆಯ ಬದಿಯ ಸಣ್ಣಕ್ಷರವನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಲು ಬಳಸಿದರೂ ಸಾಕಿತ್ತು. ಟಿ.ಎಫ್.ಎಂ. 80 ಎಂಬ ಮಾತು ಮುಂಭಾಗದಲ್ಲೇ ಇರಬೇಕಾದ್ದು. ಪ್ರತಿಸ್ಪರ್ಧಿಗಳ ಪೈಕಿ ಎಷ್ಟೋ ಬಾರ್‌ಗಳು ಆ ಅಂಕಿ ತೋರಿಸಲು ನಾಚುತ್ತವೆ.

ದುಬಾರಿ ಸಹೋದರರೂ ಇದ್ದಾರೆ. ಮೈಸೂರು ಸ್ಯಾಂಡಲ್ ಗೋಲ್ಡ್‌ನಲ್ಲಿ ಗಂಧದ ವಾಸನೆ ಗಾಢ. 2012ರಲ್ಲಿ 150 ಗ್ರಾಂಗೆ 720 ರೂಪಾಯಿಯ ಬೆಲೆಯಲ್ಲಿ ಬಂದ ಮಿಲೇನಿಯಂ ಪಕ್ಕಾ ಉಡುಗೊರೆಯ ಸರಕು. ನೀರಲ್ಲಿ ತೊಳೆದುಹೋಗುವ ವಸ್ತುವಿನಲ್ಲಿ ಅಷ್ಟು ಗಂಧದೆಣ್ಣೆ ಹಾಕುವುದು ಸೊಗಸು ಹೌದು, ಅಗತ್ಯವಲ್ಲ. ಮದುವೆಯ ತಾಂಬೂಲಕ್ಕೆ, ಪರದೇಶದ ನೆಂಟರಿಗೆ ಗೋಲ್ಡ್ ಸರಿ. ಮನೆಯ ಬಚ್ಚಲಿಗೆ ಮಾಮೂಲಿನದೇ.

ಕೊಳ್ಳುವಾಗ 125 ಗ್ರಾಮಿನ ಬಿಲ್ಲೆಯ ಮೂರರ ಕಟ್ಟು ಒಬ್ಬಿಬ್ಬರ ಮನೆಗೆ ಅನುಕೂಲ. 75 ಗ್ರಾಮಿನದು ಪ್ರಯಾಣಕ್ಕೆ, ಅತಿಥಿಗಳ ಕೋಣೆಗೆ. ಬಳಸುವ ಒಂದು ತಿಂಗಳು ಮೊದಲೇ ಕೊಂಡು, ಪೆಟ್ಟಿಗೆಯ ಮುಚ್ಚಳ ತೆರೆದು ಬಟ್ಟೆಯ ಬೀರುವಿನಲ್ಲಿ ಇಟ್ಟರೆ ಎರಡು ಲಾಭ: ಸೀರೆ, ಅಂಗಿಗಳಿಗೆ ಗಂಧದ ವಾಸನೆ ಹಿಡಿಯುತ್ತದೆ, ತೇವ ಆರಿದ ಬಿಲ್ಲೆ ಇನ್ನಷ್ಟು ಗಟ್ಟಿಯಾಗಿ ಬಚ್ಚಲಿನಲ್ಲಿ ಹೆಚ್ಚು ದಿನ ಬಾಳುತ್ತದೆ. ರೇಷ್ಮೆಗೆ ನೇರವಾಗಿ ತಾಗದಂತೆ ಮಾತ್ರ ನೋಡಿಕೊಳ್ಳಿ, ಸುತ್ತಿದ ಕಾಗದ ಹಾಗೇ ಇರಲಿ. ಎಣ್ಣೆಯ ಕಲೆ ಬಿದ್ದರೆ ಜರಿಯಂಚಿನಿಂದ ತೆಗೆಯುವುದು ಕಷ್ಟ.